ರೈಟ್ ಅನ್ನದೆ ಹೊರಡದ ಗಂಡ

ಒಬ್ಬೊಬ್ಬರಿಗೆ ಒಂದೊಂದು ಚಟ ಇರುತ್ತದೆ. ನನಗೆ ತಿರುಗುವ ಚಟ. ಸೋಮವಾರದಿಂದ ಶನಿವಾರದವರೆಗೆ ಕೊರಟಗೆರೆ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳ ಜತೆ ಗಂಟಲು ಹರಿದುಕೊಳ್ಳುತ್ತೇನೆ. ಶನಿವಾರ ಬೆಳಗಿನ ತರಗತಿ ಮುಗಿಸಿ, ಬಸ್ಸು ಹಿಡಿದು, ಮಧುಗಿರಿಯ ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ ನನ್ನ ಅಂಗಾಲು ತುರಿಸಲು ಶುರುವಾಗುತ್ತದೆ. ಅಕ್ಕಪಕ್ಕದ ಹೆಂಗಸರು ಭಾನುವಾರ ಬಂತೆಂದರೆ ಹಾಸಿಗೆ ಬಿಸಿಲಿಗೆ ಹಾಕುತ್ತಾರೆ, ಸಂಡಿಗೆ ಇಡುತ್ತಾರೆ, ತಲೆಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ. ನಾನು ಪುಳಿಯೋಗರೆ ಕಟ್ಟಿಕೊಂಡು ಕಾರು ಹತ್ತುತ್ತೇನೆ. "ಈ ಮೇಡಮ್ಮೋರ ಕಾಲು ಮನೇಲಿ ನಿಲ್ಲಾಕಿಲ್ಲ ಕಣಮ್ಮ" ಅಂತ ಎದುರುಮನೆಯವರು ಹೇಳುವುದು ನನ್ನ ಕಿವಿಗೂ ಬಿದ್ದಿದೆ. ಬೀಳಲಿ ಬಿಡಿ. ಅವರ ಸಂಡಿಗೆ ಒಣಗುವುದನ್ನು ಕಾಯುವುದಕ್ಕಿಂತ ನನ್ನ ಕಾಲು ಓಡಾಡುವುದೇ ವಾಸಿ.

ಹಾಗಂತ ನಾವು ಸಮುದ್ರ ನೋಡಲಿಕ್ಕೆ, ಹಿಮ ನೋಡಲಿಕ್ಕೆ ಹೋಗುವವರಲ್ಲ. ನಮ್ಮ ಸೀಮೆಯಲ್ಲಿ ತಿರುಗುವುದಕ್ಕೆ ಏನು ಕಮ್ಮಿ? ಯಾವ ದಿಕ್ಕಿಗೆ ಹೊರಟರೂ ಒಂದು ಬೆಟ್ಟ, ಆ ಬೆಟ್ಟದ ತಲೆಯ ಮೇಲೊಂದು ಕೋಟೆ. ಮಧುಗಿರಿಯ ಬೆಟ್ಟವಂತೂ ನಮ್ಮ ಅಡುಗೆಮನೆ ಕಿಟಕಿಯಿಂದಲೇ ಕಾಣುತ್ತದೆ, ಯಾರೋ ಕೈ ಒದ್ದೆ ಮಾಡಿಕೊಂಡು ಚೆನ್ನಾಗಿ ತಟ್ಟಿ ಇಟ್ಟ ಮುದ್ದೆಯ ಹಾಗೆ. ಸಿರಾ ಕಡೆ ಹೊರಟರೆ ದೊಡ್ಡೇರಿ ಸೀಮೆಯ ಹುಣಸೆ ಮರಗಳು. ಅದರ ಆಚೆ ಕಗ್ಗಲಡು ಅನ್ನುವ ಊರು. ಅಲ್ಲಿ ಊರ ಮಧ್ಯದ ಮರಗಳಲ್ಲಿ ದೊಡ್ಡ ದೊಡ್ಡ ಕೊಕ್ಕರೆಗಳು ಸಂಸಾರ ಮಾಡಿಕೊಂಡಿರುತ್ತವೆ, ಕೆಳಗೆ ಜನ ತಮ್ಮ ಪಾಡಿಗೆ ಪಾತ್ರೆ ತೊಳೆಯುತ್ತಿರುತ್ತಾರೆ. ಕೊರಟಗೆರೆ ಕಡೆ ಸಿದ್ದರಬೆಟ್ಟ, ಪಾವಗಡದ ಕಡೆ ಬಂಡೆಗಳ ರಾಶಿ. ಇಷ್ಟನ್ನೆಲ್ಲ ಮನೆ ಬಾಗಿಲಲ್ಲಿ ಇಟ್ಟುಕೊಂಡು ಭಾನುವಾರ ಮಲಗುವವರನ್ನು ಕಂಡರೆ ನನಗೆ ಆಶ್ಚರ್ಯ. ಜಾಗದ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಕಾರು ಓಡಿಸುವವರ ವಿಷಯದಲ್ಲಿ. ಕಾರು ಓಡಿಸುವವರು ನಮ್ಮ ಯಜಮಾನರು.

ಅವರು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಮಿಡಿಗೇಶಿ ಮೇಲೆ ಪಾವಗಡಕ್ಕೆ ಹೋಗುವ ದಾರಿಯಲ್ಲೇ ಅವರ ಸರ್ವೀಸೆಲ್ಲ ಮುಗಿಯಿತು. ವಯಸ್ಸಾಯಿತು ಅಂತ ಹಾರ ಹಾಕಿ, ಶಾಲು ಹೊದಿಸಿ, ಅವರನ್ನು ಬಸ್ಸಿನಿಂದ ಇಳಿಸಿ ಕಳಿಸಿದರು. ಇಳಿಸಿದರು ಅಂತ ಅವರು ಅಂದುಕೊಂಡಿದ್ದಾರೆ. ನನ್ನನ್ನು ಕೇಳಿದರೆ ನಮ್ಮವರು ಇನ್ನೂ ಬಸ್ಸಿನಲ್ಲೇ ಇದ್ದಾರೆ. ನಿವೃತ್ತರಾದ ಹೊಸದರಲ್ಲಿ ಬೆಳಿಗ್ಗೆ ಎದ್ದು, ಮುಖ ತೊಳೆದು, ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು, ಹೋಗುವ ಬರುವ ಬಸ್ಸುಗಳನ್ನು ನೋಡಿಕೊಂಡು ಮಧ್ಯಾಹ್ನ ಊಟಕ್ಕೆ ಬರುತ್ತಿದ್ದರು. ಮೊದಲೇ ಮಾತು ಕಮ್ಮಿ, ಆಗ ಅದೂ ನಿಂತುಹೋಯಿತು. ಊಟ ಇಳಿಯಿತು, ಶರ್ಟು ಜೋತುಬಿತ್ತು. ನನಗೆ ಹೆದರಿಕೆಯಾಗಿ, ನನ್ನ ತಿರುಗುವ ಚಟಕ್ಕೂ ಆಯಿತು, ಇವರ ಕೈಗೂ ಒಂದು ಸ್ಟೇರಿಂಗು ಸಿಕ್ಕಿತು ಅಂತ ಒಂದು ಹಳೇ ಕಾರು ತೆಗೆದುಕೊಂಡೆ.

ಮೊದಲ ದಿನ ನೆನೆದರೆ ಈಗಲೂ ನಗು ಬರುತ್ತದೆ. ಕಾರಿನ ಸುತ್ತ ಒಂದು ಸುತ್ತು ಬಂದರು, ನಾಲ್ಕು ಚಕ್ರಕ್ಕೂ ಒಂದೊಂದು ಒದೆ ಕೊಟ್ಟರು, ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡರು, ಎಂಜಿನ್ ಶುರು ಮಾಡಿದರು. ಆಮೇಲೆ ಸುಮ್ಮನೆ ಕೂತರು. ಕಾರು ಗುರುಗುಟ್ಟುತ್ತಿದೆ, ಅವರು ಎದುರಿಗೆ ನೋಡುತ್ತಿದ್ದಾರೆ, ಬೀದಿಯವರೆಲ್ಲ ನಮ್ಮನ್ನು ನೋಡುತ್ತಿದ್ದಾರೆ. "ಯಾಕ್ರೀ?" ಅಂದೆ. "ಹೂಂ, ಹೇಳು" ಅಂದರು. "ಏನ್ ಹೇಳ್ಲಿ?" "ರೈಟ್ ಅನ್ನು." ಹಿಂದಿನಿಂದ ಯಾರಾದರೂ 'ರೈಟ್' ಅನ್ನದೆ ಅವರ ಕಾಲು ಕ್ಲಚ್ಚು ಬಿಡುವುದಿಲ್ಲ. ನಾನು ರೈಟ್ ಅಂದೆ. ಕಾರು ಹೊರಟಿತು. ಅವತ್ತಿನಿಂದ ನಾನು ಹಿಂದಿನ ಸೀಟಿನ ಕಂಡಕ್ಟರಾದೆ, ಚೀಲ ಒಂದು ಹೆಗಲಿಗೆ ಬೀಳಲಿಲ್ಲ ಅಷ್ಟೆ.

ಹೊರಡುವುದು ಹೀಗಾದರೆ ನಿಲ್ಲಿಸುವುದು ಇನ್ನೊಂದು ಕಥೆ. 'ಹೋಲ್ಡಾನ್' ಅಂದರೆ ಮಾತ್ರ ನಿಲ್ಲಿಸುತ್ತಾರೆ. ಒಂದು ಸಲ ಸಿರಾದಲ್ಲಿ ರಸ್ತೆ ಬದಿ ಒಳ್ಳೆ ಮಲ್ಲಿಗೆ ಮೊಗ್ಗು ಕಂಡು, "ರೀ, ನಿಲ್ಸಿ, ನಿಲ್ಸಿ" ಅಂತ ಬಾಯಿ ಬಡಿದುಕೊಂಡೆ. ನಿಲ್ಲಿಸಲಿಲ್ಲ. ಪ್ರಯಾಣಿಕರು ಕಂಡ ಕಂಡಲ್ಲಿ ನಿಲ್ಸಿ ನಿಲ್ಸಿ ಅಂತಲೇ ಇರುತ್ತಾರಂತೆ, ಅದಕ್ಕೆಲ್ಲ ಕಿವಿಗೊಟ್ಟರೆ ಗಾಡಿ ಊರು ಸೇರುವುದಿಲ್ಲವಂತೆ. ನನಗೆ 'ಹೋಲ್ಡಾನ್' ನೆನಪಾಗುವ ಹೊತ್ತಿಗೆ ನಾವು ಹೈವೇ ಸೇತುವೆ ದಾಟಿದ್ದೆವು. ಕಗ್ಗಲಡಿನ ಕೊಕ್ಕರೆ ನೋಡುವಾಗಲೂ ಅಷ್ಟೇ. ನಾನು ಮರದ ಕಡೆ ಕತ್ತೆತ್ತಿ ಇನ್ನೂ ಸರಿಯಾಗಿ ನೋಡಿಲ್ಲ, ಹಾರ್ನ್ ಎರಡು ಸಲ ಬಡಿದರು. "ಹತ್ತು ನಿಮಿಷ ಸ್ಟಾಪು. ಕಾಫಿ ತಿಂಡಿ ಮಾಡೋರು ಮಾಡ್ಕಂಬುಡಿ" ಅಂದರು. ಇದ್ದವಳು ನಾನೊಬ್ಬಳೇ.

ಆದರೆ ಅವರು ಓಡಿಸುವುದನ್ನು ನೋಡಬೇಕು. ಅದನ್ನು ನಾನು ಹೊಗಳದೆ ಇರಲಾರೆ. ರಸ್ತೆಯ ಹಂಪನ್ನು, ಅಡ್ಡಲಾಗಿ ಮಲಗಿರುವ ಮಗುವನ್ನು ದಾಟಿದ ಹಾಗೆ ದಾಟಿಸುತ್ತಾರೆ. ಕುರಿ ಮಂದೆ ಅಡ್ಡ ಬಂದರೆ ಹಾರ್ನ್ ಮಾಡುವುದಿಲ್ಲ, ಎಂಜಿನ್ ಆರಿಸಿ ಕಾಯುತ್ತಾರೆ. "ಗಬ್ಬದ ಕುರಿ ಇರ್ತಾವೆ, ಬೆದರಿಸ್ಬಾರ್ದು" ಅನ್ನುತ್ತಾರೆ. ಎದುರಿಗೆ ಯಾರಾದರೂ ಹುಚ್ಚಾಪಟ್ಟೆ ನುಗ್ಗಿಸಿಕೊಂಡು ಬಂದರೆ ನಾನು ಕಿಟಕಿಯಿಂದ ತಲೆ ಹಾಕಿ ಅವನ ಜನ್ಮ ಜಾಲಾಡಬೇಕು ಅಂತ ಬಾಯಿ ತೆಗೆಯುತ್ತೇನೆ, ಇವರು ಎಡಕ್ಕೆ ಸರಿದು ದಾರಿ ಬಿಡುತ್ತಾರೆ. ಅವರ ಗಾಡಿಯಲ್ಲಿ ಕೂತರೆ ನನಗೆ ಜೀವದ ಭಯ ಅಂತ ಒಂದು ದಿನವೂ ಆಗಿಲ್ಲ. ಇಷ್ಟು ಹೇಳಿದ ಮೇಲೆ ಬೈಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಬೈಗುಳದ ಮೊದಲ ಕಾರಣ, ಅವರು ಕೈ ಎತ್ತಿದವರನ್ನು ದಾಟಿ ಹೋಗಲಾರರು. ರಸ್ತೆ ಬದಿ ಒಂದು ಕೈ ಮೇಲೆದ್ದರೆ ಸಾಕು, ಕಾರು ತಾನೇ ಎಡಕ್ಕೆ ಹೋಗಿ ನಿಲ್ಲುತ್ತದೆ. ಸಂತೆಗೆ ಹೋಗುವ ಹೆಂಗಸರು, ಮದುವೆಗೆ ಹೊರಟ ದಂಪತಿ, ಆಸ್ಪತ್ರೆಯ ಚೀಟಿ ಹಿಡಿದ ಅಜ್ಜ, ಒಂದು ಸಲ ಜೋಡಿ ಹುಂಜ. ಎಲ್ಲರನ್ನೂ ಅವರವರ ಊರಿನ ಬಾಗಿಲಿಗೆ ಬಿಟ್ಟು, ಅವರು ಕೊಟ್ಟ ಕುಂಬಳಕಾಯಿ ಡಿಕ್ಕಿಗೆ ತುಂಬಿಕೊಂಡು ಕೋಟೆಯ ಬುಡಕ್ಕೆ ತಲುಪುವ ಹೊತ್ತಿಗೆ ಕೋಟೆ ಕತ್ತಲಲ್ಲಿರುತ್ತದೆ. ಇದನ್ನಾದರೂ ತಡೆದುಕೊಳ್ಳುತ್ತಿದ್ದೆ. ನಿಜವಾಗಿ ನನ್ನ ಹೊಟ್ಟೆ ಉರಿಸಿದ್ದು ಎರಡನೆಯದು. ಅವರು ಗಾಡಿ ಓಡಿಸುವಾಗ ಮಾತಾಡುವುದಿಲ್ಲ. ಚಾಲಕರೊಡನೆ ಮಾತಾಡಬಾರದು ಅಂತ ಬಸ್ಸಿನಲ್ಲಿ ಬೋರ್ಡು ಇರುತ್ತದಲ್ಲ, ಅದನ್ನು ಪ್ರಯಾಣಿಕರು ಯಾರೂ ಓದಿಲ್ಲ, ಇವರೊಬ್ಬರು ಓದಿದ್ದಾರೆ. ಮುಂದಿನ ಸೀಟಿನಲ್ಲಿ ಕೂತು ನೋಡಿದೆ. ಬಸ್ಸಿನಲ್ಲಿ ಡ್ರೈವರ್ ಪಕ್ಕದಲ್ಲಿ ಇರುವುದು ಎಂಜಿನ್ನು. ಎಂಜಿನ್ನಿನ ಜತೆ ಯಾರು ಮಾತಾಡುತ್ತಾರೆ? ಫೋನಂತೂ ಬಿಡಿ, ಸ್ಟೇರಿಂಗು ಹಿಡಿದ ಮೇಲೆ ಅದು ಬಡಿದುಕೊಂಡು ಸತ್ತರೂ ಎತ್ತುವುದಿಲ್ಲ.

ನನ್ನ ಆಸೆ ದೊಡ್ಡದೇನಲ್ಲ. ಮದುವೆಯಾದಾಗಿನಿಂದ ಅವರು ಕೋಳಿ ಕೂಗುವ ಮೊದಲು ಡ್ಯೂಟಿಗೆ ಹೋದರು, ನಾನು ಶಾಲೆಗೆ ಹೋದೆ, ರಾತ್ರಿ ಅವರು ಬಂದಾಗ ಇಬ್ಬರಿಗೂ ನಿದ್ದೆ. ಮಗಳು ಬೆಳೆದು, ಮದುವೆಯಾಗಿ, ತುಮಕೂರು ಸೇರಿದಳು. ರಿಟೈರಾದ ಮೇಲೆ ಮಾತಾಡೋಣ ಅಂತ ನಾನು ಅಷ್ಟೂ ವರ್ಷದ ಮಾತನ್ನು ಉಪ್ಪಿನಕಾಯಿ ಹಾಕಿಟ್ಟಿದ್ದೆ. ಈಗ ನೋಡಿದರೆ ಮನೆಯಲ್ಲಿ ನಿದ್ದೆ, ಕಾರಿನಲ್ಲಿ ಮೌನ. ನನಗೆ ಗಂಡನ ಜತೆ ಮಾತಾಡಬೇಕಾಗಿತ್ತು ಕಣ್ರೀ, ಅಷ್ಟೇ.

ಒಂದು ಶನಿವಾರ ರಾತ್ರಿ ಊಟಕ್ಕೆ ಬಡಿಸಿ ಹೇಳಿಯೇಬಿಟ್ಟೆ. "ನಾಳೆ ಬಲಸಮುದ್ರಕ್ಕೆ ಹೋಗೋಣ. ಅಲ್ಲಿ ಹೊಲದ ತುಂಬ ಸೋಲಾರ್ ಹಾಕಿದಾರಂತೆ, ಹೊತ್ತು ಮುಳುಗೋವಾಗ ನೋಡ್ಬೇಕಂತೆ. ನಾವಿಬ್ಬರೇ ಹೋಗ್ಬೇಕು. ನಾನು ಮುಂದೆ ಕೂರ್ತೀನಿ. ನೀವು ನನ್ನ ಜತೆ ಮಾತಾಡ್ಬೇಕು. ದಾರೀಲಿ ಒಬ್ಬರನ್ನ ಹತ್ತಿಸಿದ್ರೂ ಸೋಮವಾರ ಕಾರು ಶಾಹಿದಾಗೆ ಕೊಟ್ಬಿಡ್ತೀನಿ." ಶಾಹಿದಾ ನಮ್ಮ ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಸಿರಾದವಳು. ನಮ್ಮ ಕಾರಿನ ಮೇಲೆ ಮೊದಲಿನಿಂದಲೂ ಅವಳಿಗೆ ಕಣ್ಣು. "ಮೇಡಂ, ಮಾರೋದಾದ್ರೆ ನಮ್ಗೇ ಕೊಡಿ, ಬೇರೆಯೋರ್ಗೆ ಕೊಟ್ರೆ ಕಸಮ್ ನಿಮ್ ಜೊತೆ ಮಾತಾಡಲ್ಲ" ಅಂತ ಹೇಳಿಟ್ಟಿದ್ದಳು. ನಮ್ಮವರು ಕೈಯಲ್ಲಿದ್ದ ಮುದ್ದೆ ತುತ್ತನ್ನು ಸಾರಿನಲ್ಲಿ ಅದ್ದಿ ಹಾಗೇ ಹಿಡಿದುಕೊಂಡರು. ಆ ತುತ್ತು ಸಾರಿನಲ್ಲಿ ಕರಗುವಷ್ಟು ಹೊತ್ತು ಯೋಚನೆ ಮಾಡಿದರು. ಕೊನೆಗೆ "ಆಯ್ತು ಬುಡು" ಅಂದರು. ಆ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಆದರೂ ಸಡಿಲ ಬಿಡಲಿಲ್ಲ.

ಭಾನುವಾರ ಊಟ ಮುಗಿಸಿ ಹೊರಟೆವು. ಮುಂದೆ ಕೂತೇ ರೈಟ್ ಅಂದೆ, ಒಂದು ಸಲಕ್ಕೆ ಅವರಿಗೆ ಕೇಳಿಸಲೇ ಇಲ್ಲ, ಮುಂದಿನಿಂದ ಬರುವ ರೈಟು ಅವರ ಕಿವಿಗೆ ಇನ್ನೂ ಒಗ್ಗಿರಲಿಲ್ಲ. ಊರು ದಾಟಿದ ಮೇಲೆ ಮೊದಲ ಸ್ಟಾಪಿನಲ್ಲಿ ಒಂದು ಕೈ ಎದ್ದಿತು. ಕಾರು ನಿಧಾನವಾಯಿತು, ಗೇರು ಇಳಿಯಿತು, ಅವರು ನನ್ನ ಮುಖ ನೋಡಿದರು. ನಾನು ಬೆಟ್ಟದ ಕಡೆ ನೋಡಿದೆ. ಕಾರು ಮುಂದೆ ಹೋಯಿತು. ಮುಂದಿನ ಸ್ಟಾಪಿನಲ್ಲೂ ಹಾಗೇ. ಪ್ರತಿ ಸಲವೂ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು, ದಾಟಿ ಬಂದವರು ಕನ್ನಡಿಯಲ್ಲಿ ಚಿಕ್ಕದಾಗುವವರೆಗೂ ನೋಡುತ್ತಿದ್ದರು. "ಮಾತಾಡ್ರೀ" ಅಂದೆ. "ಏನ್ ಮಾತಾಡ್ಲಿ?" "ಏನಾದ್ರೂ." ಅವರು ಬಹಳ ಹೊತ್ತು ಯೋಚನೆ ಮಾಡಿದರು. ಆಮೇಲೆ, "ಮುಂದೆ ತಿರುವು ಐತೆ" ಅಂದರು. ನಾನು ಕಾದೆ. ತಿರುವು ಬಂತು. "ಇದೇಯ" ಅಂದರು. ಆವತ್ತಿನ ಸಂಭಾಷಣೆ ಅಲ್ಲಿಗೆ ಮುಗಿಯಿತು.

ಮಿಡಿಗೇಶಿ ದಾಟಿದ ಮೇಲೆ ಒಂದು ಹುಣಸೆ ಮರದ ಸ್ಟಾಪು. ಮರದ ಕೆಳಗೆ ಒಬ್ಬ ಅಜ್ಜಿ, ಪಕ್ಕದಲ್ಲಿ ಕಡಲೇಕಾಯಿ ಮೂಟೆ ಇಟ್ಟುಕೊಂಡು ಒಬ್ಬ ಗಂಡಸು. ಇಬ್ಬರೂ ಕೈ ಎತ್ತಿದರು. ಅಜ್ಜಿ ಬರೀ ಕೈ ಎತ್ತಲಿಲ್ಲ, ಕಾರು ಗುರುತು ಹಿಡಿದು ನಕ್ಕಳು. ನಮ್ಮವರು ಹಲ್ಲು ಕಚ್ಚಿಕೊಂಡು ದಾಟಿದರು. ದಾಟಿ ಸ್ವಲ್ಪ ದೂರ ಹೋದವರು, "ಏನೋ ಸೌಂಡ್ ಬರ್ತೈತಲ್ಲ" ಅಂತ ಕಾರನ್ನು ಪಕ್ಕಕ್ಕೆ ಹಾಕಿದರು. ನನಗೆ ಯಾವ ಸೌಂಡೂ ಕೇಳಿಸಿರಲಿಲ್ಲ. ಇಳಿದರು, ಹಿಂದಿನ ಚಕ್ರಕ್ಕೆ ಒದ್ದರು, ಮುಂದಿನದಕ್ಕೆ ಒದ್ದರು, ಬಾನೆಟ್ಟು ಎತ್ತಿದರು, ಇಳಿಸಿದರು, ಮತ್ತೆ ಹಿಂದಿನ ಚಕ್ರಕ್ಕೆ ಬಂದರು. ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತಾ ಬಂದು ಮುಟ್ಟಿದಳು, ಅವಳ ಹಿಂದೆ ಮೂಟೆಯೂ ಬಂತು. "ನಾಕೋಸಂ ನಿಲ್ಸಿದ್ಯಾ ನಾಯನಾ? ಸಲ್ಲಗಿರು" ಅಂತ ಅಜ್ಜಿ, ತನಗೋಸ್ಕರವೇ ನಿಲ್ಲಿಸಿದನೆಂದು, ತಣ್ಣಗಿರು ಅಂತ ತೆಲುಗು ಕನ್ನಡ ಕಲಸಿ ಹರಸಿದಳು. ಹೆಸರು ನರಸಮ್ಮ ಅಂತ, ಬಲಸಮುದ್ರದ ಪಕ್ಕದವಳಂತೆ. ಮೂಟೆಯವನು ಈರಣ್ಣ, ಅದೇ ಕಡೆಯವನು.

ನಮ್ಮವರು ನನ್ನ ಕಿಟಕಿಗೆ ಬಂದು, ಚಕ್ರದ ಕಡೆ ನೋಡಿಕೊಂಡು, "ನಾನೇನ್ ಹತ್ತಿಸಿಲ್ಲ. ಅವರೇ ನಡ್ಕಂಡ್ ಬಂದವ್ರೆ" ಅಂದರು. ನಾನು ಮುಖ ಆ ಕಡೆ ತಿರುಗಿಸಿದೆ. ಆಮೇಲೆ ಇನ್ನೂ ಮೆಲ್ಲಗೆ, "ಆಯಮ್ಮಂಗೆ ಮಂಡಿ ನೋವು ಕಣೆ. ನೀನು ಹಿಂದಕ್ಕೆ ಕೂತ್ಕಂಬುಡು" ಅಂದು ತಮ್ಮ ಸೀಟಿಗೆ ಹೋಗಿ ಕೂತರು. ನನ್ನ ಮೈಯೆಲ್ಲ ಉರಿಯಿತು. ಇಳಿದೆ. ಅಜ್ಜಿಯನ್ನು ಮುಂದೆ ಕೂರಿಸಿದೆ, ಮಂಡಿಯ ತಪ್ಪು ಏನಿದೆ. ಹಿಂದಿನ ಬಾಗಿಲು ತೆಗೆದು ನೋಡಿದರೆ ಈರಣ್ಣ ಒಂದು ಕಡೆ, ನಡುವೆ ಆಳುದ್ದದ ಮೂಟೆ, ನನ್ನ ಪಾಲಿಗೆ ಅಂಗೈಯಗಲ ಜಾಗ. ಸಾಯಲಿ ಇದು ಅಂದುಕೊಂಡು, ಹತ್ತದೆ, ಹೊರಗಿನಿಂದಲೇ ಬಾಗಿಲನ್ನು ಧಡಾರನೆ ಹಾಕಿದೆ. ನನಗೆ ಸಿಟ್ಟು ಬಂದಿದೆ ಅಂತ ಅವರಿಗೆ ತಿಳಿಯಲಿ, ಇಳಿದು ಬಂದು ಸಮಾಧಾನ ಮಾಡಲಿ ಅಂತ. ಒಳಗಿನಿಂದ ಈರಣ್ಣ, "ರೈಟ್!" ಅಂದ.

ಕಾರು ಹೋಯಿತು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದೇನೆ, ಕಾರು ಹಿಂದೆ ಧೂಳು ಬಿಟ್ಟುಕೊಂಡು, ಹಂಪನ್ನು ನಾಜೂಕಾಗಿ ದಾಟಿ, ತಿರುವಿನಲ್ಲಿ ಮರೆಯಾಯಿತು. ಈಗ ನಿಲ್ಲಿಸುತ್ತಾರೆ, ಈಗ ರಿವರ್ಸ್ ಬರುತ್ತಾರೆ ಅಂತ ನೋಡಿದೆ. ಇಲ್ಲ. ನನ್ನ ಚೀಲ, ಫೋನು, ನೀರು, ಸಂಜೆಗೆ ಕಟ್ಟಿಕೊಂಡ ಪುಳಿಯೋಗರೆ ಎಲ್ಲ ಕಾರಿನಲ್ಲಿ. ಬೇರೆಯವರ ಫೋನಿನಿಂದ ಮಾಡೋಣವೆಂದರೆ ಅವರು ಎತ್ತುವ ಪೈಕಿ ಅಲ್ಲ. ಮಕ್ಕಳಿಗೆ ಶಿಸ್ತು ಕಲಿಸುವ ನಾನು, ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು, ನಡುರಸ್ತೆಯಲ್ಲಿ ಗಂಡ ಬಿಟ್ಟುಹೋದ ಲಗೇಜಿನ ಹಾಗೆ ನಿಂತಿದ್ದೆ. ಅಳು ಬರಲಿಲ್ಲ. ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹುಣಸೆ ಮರದ ಕೆಳಗೆ ಹೋಗಿ ನಿಂತೆ. ಪಾವಗಡದ ಕಡೆ ಒಂದು ಕಾರು ಬಂತು. ಕೈ ಎತ್ತಿದೆ. ನಿಲ್ಲಿಸಲಿಲ್ಲ. ಇನ್ನೊಂದು ಬಂತು, ಅದೂ ಇಲ್ಲ. ಒಳಗೆ ಕೂತವರು ನನ್ನನ್ನು ನೋಡುತ್ತಾರೆ, ನೋಡಿಯೂ ನೋಡದ ಹಾಗೆ ಹೋಗುತ್ತಾರೆ. ನಾನು ಬೆಟ್ಟದ ಕಡೆ ನೋಡಿದೆನಲ್ಲ, ಅವರೂ ಹಾಗೇ ಬೆಟ್ಟದ ಕಡೆ ನೋಡುತ್ತಿದ್ದರು. ಕೊನೆಗೆ ಒಂದು ಮೋಟಾರ್ ಬೈಕು ನಿಂತಿತು. ವಾರಾಂತ್ಯಕ್ಕೆ ತಿರುಗಲು ಬಂದ ಹುಡುಗ, ದೊಡ್ಡ ಹೆಲ್ಮೆಟ್ಟು, ಕತ್ತಿಗೆ ಕ್ಯಾಮೆರಾ. ದೇವರು ಬಂದ ಅಂತ ಎರಡು ಹೆಜ್ಜೆ ಮುಂದೆ ಬಂದೆ. "ಅಜ್ಜಿ, ಅಲ್ಲೇ ಇರಿ, ಮರದ ಹತ್ರ. ಬೆಳಕು ಸೂಪರಾಗಿದೆ" ಅಂದ. ಫೋಟೋ ತೆಗೆದುಕೊಂಡ, ಥ್ಯಾಂಕ್ಸ್ ಅಂದ, ಹೋದ. ಅಜ್ಜಿಯಂತೆ! ಹಿಂದಿನ ದಿನವೇ ತಲೆಗೆ ಬಣ್ಣ ಹಚ್ಚಿಕೊಂಡಿದ್ದೆ. ಗಂಡ ಬಿಟ್ಟುಹೋದದ್ದಕ್ಕಿಂತ ಇದೇ ಹೆಚ್ಚು ಚುಚ್ಚಿತು.

ಮೇಕೆ ಹೊಡೆದುಕೊಂಡು ಒಬ್ಬ ಹೆಂಗಸು ಬಂದಳು. ಗಂಗಮ್ಮ ಅಂತ. ಮೇಕೆಗಳನ್ನು ಹುಣಸೆ ಸೊಪ್ಪಿಗೆ ಬಿಟ್ಟು ನನ್ನ ಪಕ್ಕ ಕೂತು, "ಯಾವೂರ್ ಬಸ್ಸಿಗಮ್ಮ? ಈಗ್ ಯಾವ್ದೂ ಇಲ್ವಲ್ಲ" ಅಂದಳು. ಸುಳ್ಳು ಹೇಳಲು ಸಮಯ ಸಿಗದೆ ನಿಜ ಹೇಳಿದೆ. ನನ್ನ ಯಜಮಾನರು ಮೊದಲು ಇದೇ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದರು, ಈಗ ನನ್ನನ್ನು ಬಿಟ್ಟು ಕಾರು ಓಡಿಸಿಕೊಂಡು ಹೋದರು ಅಂದೆ. ಗಂಗಮ್ಮ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದೇ ನಿಂತಳು. "ಟವಲ್ ಡ್ರೈವರಣ್ಣನ ಮನೆಯೋರಾ ನೀವು? ಅಯ್ಯೋ ಇದೇನ್ ಇಂಗ್ ನಿಂತಿದ್ದೀರಾ, ಕೂತ್ಕಳಿ, ಕೂತ್ಕಳಿ" ಅಂತ ಮರದ ಬುಡದ ಕಲ್ಲನ್ನು ಸೆರಗಿನಿಂದಲೇ ಒರೆಸಿದಳು. ಬಾಟಲಿಯಲ್ಲಿದ್ದ ಮಜ್ಜಿಗೆ ಕೊಟ್ಟಳು. ಆಮೇಲೆ ತನ್ನ ಮಗಳ ಕಥೆ ಶುರು ಮಾಡಿದಳು. ಮಗಳು ಮಧುಗಿರಿಗೆ ಕಾಲೇಜಿಗೆ ಹೋಗುತ್ತಿದ್ದಳಂತೆ. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಆ ಹೊಲದ ಆಚೆ ಕಡೆಯಿಂದ ಓಡಿ ಬರಬೇಕು, ದಿನಾ ತಡ. "ಈ ಬಸ್ ಬುಟ್ರೆ ಕಾಲೇಜು ಇಲ್ಲ. ಹೊಲದಾಗೆ ಇವಳ ತಲೆ ಕಂಡೇಟ್ಗೆ ನಿಮ್ಮೋರು ಬಸ್ಸಿಂದ ಇಳ್ಯೋರು. ಏನೋ ಸೌಂಡ್ ಬರ್ತೈತೆ ಅನ್ನೋರು, ಚಕ್ರಕ್ಕೆ ಒದೆಯೋರು. ಕಂಡಕ್ಟರು ಬಯ್ಯೋನು, ಜನ ಬಯ್ಯೋರು, ಇವ್ರು ಚಕ್ರ ಒದೀತಾನೆ ಇರೋರು, ನನ್ ಮಗಳು ಬಂದು ಹತ್ತಾಗಂಟ. ಒಂದಿನಾನೂ ನಿಂಗೋಸ್ಕರ ನಿಲ್ಸಿದ್ದು ಕಣಮ್ಮ ಅಂತ ಬಾಯ್ಬುಟ್ಟು ಅಂದಿಲ್ಲ. ಈಗ ನಮ್ ಹುಡುಗಿ ದೊಡ್ಡಾಸ್ಪತ್ರೇಲಿ ನರ್ಸು."

ನಾನು ಮಜ್ಜಿಗೆ ಬಾಟಲಿ ಹಿಡಿದುಕೊಂಡು ಕೂತೆ. ಆ ಸುಳ್ಳು ಸೌಂಡು ನನ್ನ ಕಣ್ಣಿಗೆ ಮಣ್ಣೆರಚಲು ಆವತ್ತು ಹೊಸದಾಗಿ ಕಂಡುಹಿಡಿದ ಉಪಾಯ ಅಂದುಕೊಂಡಿದ್ದೆನಲ್ಲ. ಇದನ್ನು ಮನೆಯಲ್ಲಿ ಒಂದು ದಿನವೂ ಹೇಳಿದವರಲ್ಲ. ನನಗೆ ಅವರ ಮೇಲೆ ಅಭಿಮಾನ ಉಕ್ಕಿತು. ಅದರ ಜತೆಗೇ, ಊರವರ ಮಗಳಿಗೆ ಅಷ್ಟು ಹೊತ್ತು ಕಾದವರು ಹೆಂಡತಿ ಹತ್ತಿದಳೋ ಇಲ್ಲವೋ ಅಂತ ಒಂದು ಸಲ ತಿರುಗಿ ನೋಡಲಿಲ್ಲವಲ್ಲ ಅಂತ ಸಿಟ್ಟೂ ಉಕ್ಕಿತು. ಎರಡೂ ಒಂದೇ ಒಲೆಯ ಮೇಲೆ ಕುದಿಯುತ್ತಿದ್ದವು. ನೆರಳು ರಸ್ತೆಯ ಆ ಬದಿಗೆ ಹೋಗುವವರೆಗೂ ಗಂಗಮ್ಮ ಮೇಕೆ ಬಿಟ್ಟು ನನ್ನ ಜತೆ ಕೂತಿದ್ದಳು.

ಕೊನೆಗೆ ನಮ್ಮ ಕಾರು ಬಂತು. ಒಳಗೆ ತುಂಬ ಜನ! ಮುಂದೆ ನರಸಮ್ಮ ಹಾಗೇ ಕೂತಿದ್ದಾಳೆ, ಹಿಂದೆ ಈರಣ್ಣ ಮೂಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾನೆ, ಅವನ ಪಕ್ಕ ಪಾವಗಡದ ಶನಿಮಹಾತ್ಮನ ದರ್ಶನ ಮುಗಿಸಿ ಬಂದ ಇಬ್ಬರು ಹೆಂಗಸರು. ಹೆಂಡತಿ ಕಳೆದುಹೋಗಿ ಹುಡುಕಿಕೊಂಡು ಬರುವ ಅವಸರದಲ್ಲೂ ಕೈ ಎತ್ತಿದವರನ್ನು ಬಿಟ್ಟು ಬಂದಿಲ್ಲ ಮಹಾರಾಯರು! ಎಂಜಿನ್ ಆರಿಸದೆ, ಬಾಗಿಲು ಹಾಕದೆ ಇಳಿದು ಓಡಿ ಬಂದರು. ಅವರು ಓಡಿದ್ದನ್ನು ನಾನು ಮದುವೆಯಾದ ಮೇಲೆ ಅದೇ ಮೊದಲು ನೋಡಿದ್ದು. ಬೈಯುವುದಕ್ಕೆಂದು ಜೋಡಿಸಿಟ್ಟುಕೊಂಡದ್ದೆಲ್ಲ ಆ ಮುಖ ನೋಡಿ ಮರೆತುಹೋಯಿತು. "ಇಲ್ಲೇ ಇದ್ಯಾ?" ಅಂದರು. "ಇನ್ನೆಲ್ಲಿರ್ಲಿ?" ಅಂದೆ. ಟವಲಿನಿಂದ ಮುಖ ಒರೆಸಿಕೊಂಡರು, ಈ ಸಲ ಕಣ್ಣನ್ನೂ ಒರೆಸಿಕೊಂಡರು.

ಈರಣ್ಣ ಮೂಟೆಯ ಸಮೇತ ಇಳಿದು ಕೈ ಮುಗಿದ. "ತಪ್ಪು ನಂದೇ ಅಕ್ಕ. ನೀವು ಡ್ರೈವರಣ್ಣನ ಮನೆಯೋರು ಅಂತ ನಂಗೇನ್ ಗೊತ್ತು? ಯಾರೋ ಅಮ್ಮ ಇಳುದ್ರು, ಬಾಗ್ಲು ಹಾಕುದ್ರು, ಇವ್ರೂರು ಬಂತು ಅನ್ಕಂಡೆ. ಬಾಗ್ಲು ಹಾಕಿದ್ಮೇಲೆ ರೈಟ್ ಅನ್ನದೆ ಇನ್ನೇನ್ ಅನ್ನಾದು?" ಅಂದ. ನ್ಯಾಯವಾದ ಮಾತು. "ಮತ್ತೆ ನಿಮಗೆ ಗೊತ್ತಾಗ್ಲೇ ಇಲ್ವೇನ್ರೀ?" ಅಂತ ನಮ್ಮವರನ್ನು ಕೇಳಿದೆ. ಅವರು ಹುಣಸೆ ಮರದ ಕೊಂಬೆ ನೋಡುತ್ತಾ ನಿಂತರು. ಉತ್ತರ ಕೊಟ್ಟವಳು ನರಸಮ್ಮ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಹೆಂಗ್ ಗೊತ್ತಾಗ್ತದೆ ತಲ್ಲೀ? ಕನ್ನಡೀ ತುಂಬಾ ಮೂಟೆ. ನೀನು ಇಂದೆ ಕೂತು ಸಿಟ್ ಮಾಡ್ಕಂಡಿದೀಯ ಅಂತ ಆಯಪ್ಪ ದಾರಿ ಉದ್ದಕ್ಕೂ ನಿನ್ ಜತೆ ಮಾತಾಡ್ತಾ ಬಂದ!" ಅಂದಳು.

ನನಗೆ ಕೇಳಿದ್ದು ನಿಜವೋ ಸುಳ್ಳೋ ಅನ್ನಿಸಿತು. ಮಾತಾಡಿದರೇ? ಗಾಡಿ ಓಡಿಸುತ್ತಾ? ನಾನು ಅವರ ಮೇಲೆ ಸಿಟ್ಟು ಬಂದರೆ ಬಾಯಿ ಬಿಡುವವಳಲ್ಲ, ಆದ್ದರಿಂದ ಹಿಂದಿನ ಸೀಟಿನ ಮೌನ ನನ್ನದೇ ಅಂತ ಅವರಿಗೆ ಅನುಮಾನವೇ ಬಂದಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದಾರೆ ಅಂತ ಈರಣ್ಣ ಸುಮ್ಮನಿದ್ದ. ತನ್ನ ಗಂಡ ಎತ್ತುಗಳ ಜತೆ ಮಾತಾಡುತ್ತಿದ್ದದ್ದು ಜ್ಞಾಪಕ ಬಂದು ನರಸಮ್ಮನೂ ಸುಮ್ಮನೆ ಕೇಳಿದಳು. ಬಲಸಮುದ್ರಕ್ಕೆ ಹೋಗಿ, ಇಳಿದು, "ಬಾ, ನೋಡುವಂತೆ" ಅಂತ ಹಿಂದಿನ ಬಾಗಿಲು ತೆಗೆದಾಗಲೇ ಅವರಿಗೆ ಗೊತ್ತಾದದ್ದು, ಅಷ್ಟೂ ಹೊತ್ತು ಕಡಲೇಕಾಯಿ ಮೂಟೆಯ ಕ್ಷಮೆ ಕೇಳಿದ್ದೇನೆ ಅಂತ. ಆ ಕ್ಷಣವೇ ಗಾಡಿ ತಿರುಗಿಸಿದರಂತೆ. ರೈಟ್ ಅಂದವನೇ ಬಂದು ತಪ್ಪೊಪ್ಪಿಕೊಳ್ಳಬೇಕು ಅಂತ ಈರಣ್ಣ ಇಳಿಯಲಿಲ್ಲ. ನರಸಮ್ಮ ತನ್ನ ಊರು ಬಂದರೂ ಇಳಿಯಲಿಲ್ಲ, "ಆ ಯಮ್ಮನ್ನ ಕಣ್ಣಾರೆ ನೋಡ್ದೆ ಓಗಲ್ಲ" ಅಂದಳಂತೆ.

"ಏನ್ ಹೇಳುದ್ರಜ್ಜಿ?" ಅಂದೆ. ನಮ್ಮವರು "ಬುಡು ಈಗ, ಹೊತ್ತಾಯ್ತು" ಅಂದರು. ನರಸಮ್ಮ ಬಿಡಲಿಲ್ಲ. "ಊರೋರ್ನೆಲ್ಲಾ ಕೂರಿಸ್ಕಂಡ್ ತಿರುಗ್ದೆ, ನಿನ್ನ ಒಂದಿನ ಕೂರಿಸ್ಕಂಡ್ ತಿರುಗ್ಲಿಲ್ಲ ಅಂದ. ಬೆಳಗಿನ್ ಟ್ರಿಪ್ಪಾಗೆ ಈ ಮಿಡಿಗೇಶಿ ಬೆಟ್ಟದ ಮೇಲೆ ಬಿಸ್ಲು ಬೀಳಾದು ಕಂಡಾಗೆಲ್ಲ ನಿಂಗೆ ತೋರಿಸ್ಬೇಕು ಅನ್ಕಂತಿದ್ದನಂತೆ, ಡ್ಯೂಟಿ ಮುಗ್ಸಿ ಮನೇಗ್ ಬಂದ್ರೆ ಮರ್ತೋಗಾದಂತೆ. ಕಾರು ಮಾರ್ಬೇಡ ಅಂದ. ಸ್ಟೇರಿಂಗ್ ಇಡ್ಕಂಡ್ರೇನೇ ನಂಗೆ ಮಾತು ಬರಾದು ಅಂತ ಇವತ್ ಗೊತ್ತಾಯ್ತು, ಮಾರ್ಬುಟ್ರೆ ಎಲ್ಲಿ ಕೂತು ಮಾತಾಡ್ಲಿ ಅಂದ." ಅಲ್ಲಿಗೆ ನಿಲ್ಲಿಸಿ ಬಾಯಿಗೆ ಸೆರಗು ಇಟ್ಟುಕೊಂಡಳು. "ಇನ್ನೊಂದ್ ಮಾತ್ ಅಂದ. ಅದ್ ನಾ ಚೆಪ್ಪಲ್ಲ ತಲ್ಲಿ, ನಂಗೆ ನಾಚ್ಕೆ." ಹಿಂದೆ ಕೂತ ಇಬ್ಬರು ಹೆಂಗಸರೂ ಕಿಸಕ್ಕನೆ ನಕ್ಕರು. ಅವರಿಗೂ ದಾರಿಯಲ್ಲಿ ಹೇಳಿಯಾಗಿತ್ತು. ಒಟ್ಟಿನಲ್ಲಿ ನಮ್ಮವರು ನನಗೆ ಹೇಳಿದ ಮಾತು ಪಾವಗಡ ತಾಲ್ಲೂಕಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ.

ಆ ಇಬ್ಬರೂ ಗಂಗಮ್ಮನ ಊರಿನವರೇ, ನನಗೆ ಪ್ರಸಾದ ಕೊಟ್ಟು ಅಲ್ಲೇ ಇಳಿದರು. ನರಸಮ್ಮ ಮುಂದಿನ ಸೀಟು ಬಿಡಲು ಎದ್ದಳು. "ಕೂತ್ಕಳಜ್ಜಿ, ಮಂಡಿ ನೋವು" ಅಂತ ನಾನೇ ಹಿಂದೆ ಮೂಟೆಯ ಪಕ್ಕ ಅಂಗೈಯಗಲ ಜಾಗದಲ್ಲಿ ಕೂತೆ. ಸಿಟ್ಟೆಲ್ಲ ಇಳಿದಿರಲಿಲ್ಲ. ಆದ್ದರಿಂದ ಕೂತ ತಕ್ಷಣ, "ಹಿಂದೆ ಕೂತೋಳು ಇದಾಳೋ ಇಲ್ವೋ ಅಂತ ಕಾಣೋ ಹಂಗೆ ನಾಳೇನೇ ಇನ್ನೊಂದು ಕನ್ನಡಿ ಹಾಕಿಸ್ಬೇಕು. ಅಲ್ಲೀವರೆಗೂ ಈ ಕಾರು ಅಂಗಳ ದಾಟೋ ಹಂಗಿಲ್ಲ" ಅಂತ ಹುಕುಂ ಹೊರಡಿಸಿದೆ. ಅವರು ತಲೆಯಾಡಿಸಿದರು. ಬಲಸಮುದ್ರ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಕಣ್ಣು ಹಾಯುವಷ್ಟು ದೂರ ಕಪ್ಪು ಹಲಗೆಗಳು, ಹಲಗೆಗಳ ತುಂಬ ಕೆಂಪು ಆಕಾಶ. ಇಬ್ಬರೂ ಬೇಲಿ ಹಿಡಿದುಕೊಂಡು ನಿಂತೆವು. ಇಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. "ಚೆನ್ನಾಗೈತಾ?" ಅಂದರು. "ಚೆನ್ನಾಗಿದೆ" ಅಂದೆ. ನೆಲದ ಮೇಲೆ ನಿಂತು ಅಷ್ಟು ಮಾತಾಡಿದ್ದೇ ಹೆಚ್ಚು.

ಸೋಮವಾರ ಶಾಲೆಯಲ್ಲಿ ಶಾಹಿದಾ ಕಾರಿನ ವಿಷಯ ಎತ್ತಿದಳು. "ಇಲ್ಲ ಕಣಮ್ಮ, ಅದು ನಮಗೇ ಸಾಲ್ತಿಲ್ಲ. ಏಳು ಸೀಟಿನದು ಎಲ್ಲಾದ್ರೂ ಇದ್ರೆ ಹೇಳು" ಅಂದೆ. ಮನೆಯಲ್ಲಿ ಇರುವುದು ಇಬ್ಬರೇ ಅಲ್ಲವಾ ಮೇಡಂ ಅಂತ ಅವಳು ಕಣ್ಣು ಕಣ್ಣು ಬಿಟ್ಟಳು. ಬಿಡಿಸಿ ಹೇಳಲು ಹೋಗಲಿಲ್ಲ, ಗಂಟೆ ಹೊಡೆಯಿತು.

ಈಗ ಪ್ರತಿ ಭಾನುವಾರ ನಾನೇ ಮುಂದಿನ ಸೀಟು ಯಾರಿಗಾದರೂ ಬಿಟ್ಟುಕೊಟ್ಟು, ಹಿಂದೆ ಕೂತು, ಮುಖ ಗಂಟಿಕ್ಕಿಕೊಂಡು, ಒಂದು ಮಾತೂ ಆಡದೆ ಕಾಯುತ್ತೇನೆ. ಸಿಟ್ಟು ಬಂದಿದೆ ಅಂದುಕೊಂಡು ಮಾತಾಡಲಿ, ಆ ನರಸಮ್ಮ ಹೇಳದೆ ಉಳಿಸಿದ ಮಾತು ಈ ಸಲವಾದರೂ ಬರಲಿ ಅಂತ. ಮಿಡಿಗೇಶಿ ಬರುತ್ತದೆ, ಹುಣಸೆ ಮರ ಬರುತ್ತದೆ, ಅವರು ಬಾಯಿ ತೆಗೆಯುವ ಹಾಗೆ ಕಾಣುತ್ತದೆ, ನಾನು ಸೀಟಿನ ತುದಿಗೆ ಸರಿಯುತ್ತೇನೆ. ಅಷ್ಟರಲ್ಲಿ ತಲೆ ಎತ್ತಿ ಆ ಹೊಸ ಕನ್ನಡಿ ನೋಡುತ್ತಾರೆ. ನಾನು ಇದ್ದೇನೆ ಅಂತ ಖಾತ್ರಿಯಾದ ಮೇಲೆ ಅವರ ಮುಖದಲ್ಲಿ ಎಂಥ ನೆಮ್ಮದಿ! ಆ ನೆಮ್ಮದಿಯಲ್ಲಿ ಬಾಯಿ ಮುಚ್ಚಿಕೊಂಡು ಪಾವಗಡದವರೆಗೆ ಗಾಡಿ ಓಡಿಸುತ್ತಾರೆ. ಹಾಳಾದ ಆ ಕನ್ನಡಿಯನ್ನು ಒಡೆದು ಹಾಕಬೇಕು ಅನ್ನಿಸುತ್ತದೆ. ಆದರೆ ಹಾಕಿಸಲೇಬೇಕು ಅಂತ ಹಟ ಹಿಡಿದವಳು ನಾನೇ.